ಮುಕ್ಕಾಲು ಸುತ್ತು: ಅಶ್ವೆಂ ಕಡಲಿನಲ್ಲಿ ಆರು ದಿನ

ಶುಕ್ರವಾರ ರಾತ್ರಿ, ಧಾರವಾಡ

ಸರ್ಫಿಂಗ್ ಕಲಿಯಲು ಹೋಗುತ್ತೇನೆ ಅಂದಿದ್ದರೆ ಮನೆಯಲ್ಲಿ ಯಾರೂ ಏನೂ ಅನ್ನುತ್ತಿರಲಿಲ್ಲವೇನೋ. ಟಿವಿಯಲ್ಲಿ ಎಲ್ಲರೂ ನೋಡಿರುತ್ತಾರೆ. ಆದರೆ ನಾನು ಸುಮ್ನಿರಲಾರದೆ ನಿಜ ಹೇಳಿಬಿಟ್ಟೆ. ಇದು ಸರ್ಫಿಂಗ್ ಅಲ್ಲ, ಬಾಡಿಬೋರ್ಡಿಂಗ್. ಹಲಗೆ ಮೇಲೆ ನಿಲ್ಲೋದಲ್ಲ, ಬೋರಲಾಗಿ ಮಲಗಿ ಅಲೆ ಮೇಲೆ ಜಾರೋದು.

ಅವ್ವ ರೊಟ್ಟಿ ಬಡಿಯುತ್ತಾ ಕೇಳಿದಳು, "ಮಲಗಾಕ ಗೋವಾತನಕ ಯಾಕ ಹೋಗ್ಬೇಕವಾ?"

ಮುಂದಿನ ಆರು ದಿನ ಈ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ನನ್ನ ಬೆನ್ನು ಹತ್ತಿತು.

ನನಗೆ 43 ವರ್ಷ. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ಈಜು ಕಲಿತದ್ದು ಅಜ್ಜಿಯ ಊರಿನ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು. ಸಮುದ್ರದಲ್ಲಿ ಮಾತ್ರ ಮೊಣಕಾಲು ದಾಟಿ ಇಳಿದವಳಲ್ಲ. ಹಾಗಾದರೆ ನಮ್ಮದೇ ಮೂಲ್ಕಿ, ಸಸಿಹಿತ್ಲು ಇರಲಿಲ್ವಾ ಅಂತ ನೀವು ಕೇಳಬಹುದು. ಇದ್ದವು. ಅಲ್ಲಿ ಸರ್ಫಿಂಗ್ ಕಲಿಸುವವರೂ ಇದ್ದಾರೆ, ಸ್ಪರ್ಧೆಗಳೂ ನಡೆಯುತ್ತವೆ. ಗೋವಾ ಆರಿಸಿದ್ದಕ್ಕೆ ಕಾರಣ ಒಂದೇ, ತಂಗಿಯ ಮನೆ ವಾಸ್ಕೊದಲ್ಲಿದೆ.

ಯಶವಂತಪುರದಿಂದ ಬರುವ ವಾಸ್ಕೊ ರೈಲು ಹತ್ತಿದೆ. ಕ್ಯಾಸಲ್‌ರಾಕ್ ದಾಟಿದ ಮೇಲೆ ಬ್ರಗಾಂಜಾ ಘಾಟ್ ಶುರು. ಇಲ್ಲಿ ಹಳಿಯ ಇಳಿಜಾರು 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋದರೆ 1 ಮೀಟರ್ ಇಳಿತ. ಕೇಳೋಕೆ ಏನೂ ಅಲ್ಲ ಅನಿಸುತ್ತೆ. ಆದರೆ ಅಷ್ಟಕ್ಕೇ ಇಡೀ ರೈಲು ಬ್ರೇಕು ಹಿಡಿದು ಕಿರುಗುಟ್ಟುತ್ತಾ ಇಳಿಯುತ್ತದೆ. 310 ಮೀಟರ್ ಎತ್ತರದ ದೂಧಸಾಗರ ಕಿಟಕಿ ಪಕ್ಕಕ್ಕೇ ಬಂದಾಗ ಗಾಢ ಕತ್ತಲೆ. ಕಂಡದ್ದು ಬೆಳ್ಳಗಿನ ಒಂದು ಗೆರೆ, ಮುಖಕ್ಕೆ ತಾಗಿದ್ದು ತಂಪು ಗಾಳಿ. ಮೇಲಿನ ಬರ್ತಿನವರು ಏಳಲೇ ಇಲ್ಲ.

ಮೊದಲ ದಿನ, ಶನಿವಾರ

ತಂಗಿಯ ಮನೆ ಇರುವ ವಾಸ್ಕೊ ಪಕ್ಕದ ಜುವಾರಿನಗರದಲ್ಲಿ ಇಳಿದರೆ ಗೋವಾಕ್ಕೆ ಬಂದೆ ಅಂತ ಅನಿಸುವುದೇ ಇಲ್ಲ. ತರಕಾರಿ ಮಾರುವವಳು ಬಾಗಲಕೋಟೆ ಕಡೆಯವಳು, ಗಾರೆ ಕೆಲಸದವರು ಕೊಪ್ಪಳದವರು, ತಂಗಿಯ ಪಕ್ಕದ ಮನೆಯವರು ವಿಜಯಪುರದವರು. ಬೆಳಗ್ಗೆ ಪಾವ್ ಮಾರುವ ಪೊದೇರನ ಸೈಕಲ್ ಹಾರ್ನ್ ಪೋಂ ಪೋಂ ಅಂದಾಗಲೇ ಓಹೋ, ಇದು ಗೋವಾ ಅಂತ ನೆನಪಾಯಿತು.

ತಂಗಿಯ ಮಗನಿಗೆ 14 ವರ್ಷ. ನನ್ನ ಜೊತೆ ಅವನೂ ಹೊರಟ. ವಾಸ್ಕೊದಿಂದ ಪಣಜಿಗೆ ಬಸ್ಸು, ಜುವಾರಿ ಸೇತುವೆ ಮೇಲೆ. ಪಣಜಿಯಿಂದ ಮಾಪ್ಸಾ. ಅಲ್ಲಿಂದ ಶಿವೋಲಿ, ಚಾಪೋರಾ ನದಿ ದಾಟಿ ಮೋರ್ಜಿಂ, ಆಮೇಲೆ ಅಶ್ವೆಂ. ಮೂರು ಬಸ್ಸು ಬದಲಿಸಿ ಕೊನೆಯ ತುಂಡು ಹಾದಿಗೆ ಇಬ್ಬರೂ ಒಂದೊಂದು ಪೈಲಟ್ ಹತ್ತಿದೆವು. ಗೋವಾದಲ್ಲಿ ಪೈಲಟ್ ಅಂದರೆ ಬೈಕ್ ಟ್ಯಾಕ್ಸಿ. ವಿಮಾನ ನಡೆಸುವವನು ಅಂದುಕೊಂಡು ನಾನು ಒಂದು ಕ್ಷಣ ಕಣ್ಣರಳಿಸಿದ್ದೂ ಆಯಿತು.

ದಾರಿಯಲ್ಲಿ ಹುಡುಗ ಒಂದು ಅಂಗಡಿಯಲ್ಲಿ 900 ರೂಪಾಯಿಗೆ ಬೋರ್ಡು ಕೊಂಡ. ಮೇಲೆ ಶಾರ್ಕ್ ಚಿತ್ರ, ನೋಡೋಕೆ ಭರ್ಜರಿ. ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ಮಧ್ಯಾಹ್ನ ಮೊದಲ ಅಲೆಗೇ ಅದು ಚಕ್ಕುಲಿಯ ಹಾಗೆ ಲಟಕ್ಕನೆ ಎರಡಾಯಿತು. ಒಳಗೆ ಬರೀ ಥರ್ಮೋಕೋಲು, ಅದರ ಮೇಲೆ ಬಟ್ಟೆ. ಬಿಳಿ ಕಾಳುಗಳು ಮರಳಿನ ತುಂಬಾ ಚೆಲ್ಲಿದವು. ಅವನ್ನು ಆರಿಸಿ ಚೀಲಕ್ಕೆ ತುಂಬುವುದರಲ್ಲೇ ನಮ್ಮ ಮೊದಲ ಪಾಠದ ಅರ್ಧ ಹೊತ್ತು ಹೋಯಿತು. ಕಲಿಸುವವನು ಹಾಗೆ ಮಾಡಿಸಿದ, ಮಾಡಿಸಿದ್ದೇ ಸರಿ.

ಕಲಿಸುವವನು ಕಾರವಾರದ ಹುಡುಗ. ವಯಸ್ಸು ಮೂವತ್ತರ ಆಸುಪಾಸು. ಕೊಂಕಣಿ, ಕನ್ನಡ, ಹಿಂದಿ, ಜೊತೆಗೆ ಮೋರ್ಜಿಂನಲ್ಲಿ ಕಿವಿಗೆ ಬಿದ್ದ ಒಂದಿಷ್ಟು ರಷ್ಯನ್. ಚಿಕ್ಕವನಿದ್ದಾಗ ಮೀನಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಮಲಗಿ ಅಲೆ ಹಿಡಿಯುತ್ತಿದ್ದನಂತೆ. ನಾನು ಅವನನ್ನು ಮೇಷ್ಟ್ರೇ ಅಂದೆ, ಅವನು ನನ್ನನ್ನು ಟೀಚರ್ ಅಂದ. ಕೊನೆಯವರೆಗೂ ಅದೇ ನಡೆಯಿತು.

ಅವನು ಎರಡು ಒಳ್ಳೆಯ ಬೋರ್ಡು ತಂದ. ಎತ್ತಿ ನಿಲ್ಲಿಸಿದರೆ ಬೋರ್ಡು ಹೊಕ್ಕುಳಿನ ಮಟ್ಟಕ್ಕೆ ಬರಬೇಕು, ಅದೇ ಅಳತೆ. ನನಗೆ 42 ಇಂಚಿನದು ಸರಿಹೋಯಿತು. ಮಲಗುವ ಮೇಲ್ಭಾಗ ಮೆತ್ತಗೆ, ಅದು ಡೆಕ್. ನೀರಿಗೆ ತಾಗುವ ಕೆಳಭಾಗ ನುಣುಪು, ಅದು ಸ್ಲಿಕ್. ಅಂಚುಗಳು ರೇಲ್. ಮುಂದಿನದು ಮೂಗು, ಹಿಂದಿನದು ಬಾಲ. ಬಾಲ ಅರ್ಧಚಂದ್ರದ ಹಾಗೆ ಕತ್ತರಿಸಿರುತ್ತದೆ. ಹೊಟ್ಟೆಯೊಳಗಿನ ಫೋಮಿನಲ್ಲೂ ಜಾತಿ ಇದೆ. ಪಾಲಿಎಥಿಲೀನ್ ಆದರೆ ಮೆದು, ತಣ್ಣೀರಿಗೆ ಒಳ್ಳೆಯದು. ನಮ್ಮ ಬೆಚ್ಚಗಿನ ಸಮುದ್ರದಲ್ಲಿ ಅದು ಸಾರಿನಲ್ಲಿ ನೆನೆದ ರೊಟ್ಟಿಯ ಹಾಗೆ ಬಾಗುತ್ತದೆ. ಹಾಗಾಗಿ ಇಲ್ಲಿಗೆ ಗಟ್ಟಿಯಾದ ಪಾಲಿಪ್ರೊಪಿಲೀನ್ ಬೋರ್ಡೇ ಬೇಕು. ಅದನ್ನೂ ಬಿಸಿಲಿಗೆ ಬಿಡುವಂತಿಲ್ಲ. ಪದರ ಬಿಟ್ಟು ಹಪ್ಪಳದ ಹಾಗೆ ಉಬ್ಬಿಕೊಳ್ಳುತ್ತದೆ.

ಆ ದಿನ ಮತ್ತೆ ನೀರಿಗೆ ಇಳಿಯಲಿಲ್ಲ. ಮರಳಿನ ಮೇಲೆ ಮಲಗುವ ಪಾಠ. ಸೊಂಟ ಬಾಲದ ಹತ್ತಿರ, ಮೊಣಕೈ ಡೆಕ್ ಮೇಲೆ, ಕತ್ತು ಮೇಲೆ. ಶ್ಯಾಕ್, ಅಂದರೆ ಕಡಲತೀರದ ಬಿದಿರಿನ ಹೋಟೆಲು, ಕಟ್ಟುತ್ತಿದ್ದ ಕೂಲಿಯವರು ಬಿದಿರು ಕೆಳಗಿಟ್ಟು ನಮ್ಮನ್ನೇ ನೋಡಿದರು. ಅಕ್ಟೋಬರ್, ಸೀಸನ್ ಆಗಷ್ಟೇ ಶುರು. ಅವರಲ್ಲೊಬ್ಬ ಕೂಗಿದ, "ಅಕ್ಕಾರ, ಎದ್ದು ನಿಂದ್ರೂದು ಯಾವಾಗ್ರೀ?"

ಕನ್ನಡ! ಅದೂ ರೋಣದ ಕನ್ನಡ.

ಎರಡನೇ ದಿನ, ಭಾನುವಾರ

ಬೆಳಗ್ಗೆ ಏಳೂವರೆಗೆ ನೀರಲ್ಲಿರಬೇಕು ಅಂದಿದ್ದ ಮೇಷ್ಟ್ರು. ಕಾರಣವಿದೆ. ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಅಲೆಯ ಮುಖ ನುಣ್ಣಗಿರುತ್ತದೆ. ಮಧ್ಯಾಹ್ನ ಕಡಲಗಾಳಿ ಎದ್ದರೆ ಅದೇ ನೀರು ಕಲಸಿದ ಅವಲಕ್ಕಿ. ಜೀವರಕ್ಷಕರೂ ಅಷ್ಟು ಹೊತ್ತಿಗೆ ಬಂದಿರುತ್ತಾರೆ. 2008ರಿಂದ ಗೋವಾದ ಕಡಲತೀರಗಳಲ್ಲಿ ದೃಷ್ಟಿ ಸಂಸ್ಥೆಯ ಜೀವರಕ್ಷಕರು ಇದ್ದಾರೆ. ಕೆಂಪು ಬಾವುಟ ಇದ್ದರೆ ಇಳಿಯುವಂತೆಯೇ ಇಲ್ಲ. ಮೇಷ್ಟ್ರು ಮೊದಲು ಅವರ ಹತ್ತಿರ ಹೋಗಿ ನಾವು ಎಲ್ಲಿರುತ್ತೇವೆ ಅಂತ ಹೇಳಿ ಬಂದ.

ಕಾಲಿಗೆ ಫಿನ್ಸ್ ಹಾಕಿದೆವು. ರಬ್ಬರಿನ ಗಿಡ್ಡ ರೆಕ್ಕೆಗಳು. ಹಾಕಿಕೊಂಡು ಮುಂದಕ್ಕೆ ನಡೆದರೆ ಮುಗ್ಗರಿಸೋದು ಗ್ಯಾರಂಟಿ. ಹಿಮ್ಮುಖವಾಗಿ ನಡೆದು ನೀರಿಗೆ ಇಳಿಯಬೇಕು, ಆದರೆ ಆಗಾಗ ತಿರುಗಿ ಅಲೆ ನೋಡುತ್ತಿರಬೇಕು. ಅತ್ತೆಯ ಎದುರು ಬೆನ್ನು ಹಾಕದೆ ಹಿಂದೆ ಸರಿಯುವ ಹಳೇ ಕಾಲದ ಸೊಸೆಯ ಹಾಗೆ ಇಳಿದೆ. ಬಾಡಿಬೋರ್ಡಿಂಗಿನಲ್ಲಿ ಅರ್ಧ ಕೆಲಸ ಈ ರೆಕ್ಕೆಗಳದ್ದೇ ಅಂತ ಅವತ್ತು ಗೊತ್ತಾಯಿತು. ಬೋರ್ಡು ಬರೀ ಚಾಪೆ.

ಯಾಕೆ ಅಂತ ರಾತ್ರಿ ಲೆಕ್ಕ ಹಾಕಿದೆ. ಆಳವಿಲ್ಲದ ನೀರಿನಲ್ಲಿ ಅಲೆಯ ವೇಗ ಆಳದ ಮೇಲೆ ನಿಂತಿದೆ. ಆಳವನ್ನು 9.8ರಿಂದ ಗುಣಿಸಿ ವರ್ಗಮೂಲ ತೆಗೆದರಾಯಿತು. 1 ಮೀಟರ್ ಆಳಕ್ಕೆ ಸೆಕೆಂಡಿಗೆ ಸುಮಾರು 3.1 ಮೀಟರ್, ಗಂಟೆಗೆ 11 ಕಿಲೋಮೀಟರ್. ಆರಾಮಾಗಿ ಸೈಕಲ್ ಹೊಡೆಯುವ ವೇಗ. ನಾನು ಸುಮ್ನೆ ತೇಲುತ್ತಾ ಇದ್ದರೆ ಅಲೆ ನನ್ನ ಕೆಳಗೆ ನುಸುಳಿ ಹೋಗುತ್ತದೆ, ಓಡುವ ಬಸ್ಸಿಗೆ ಕೈ ಚಾಚಿದ ಹಾಗೆ. ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿದರೆ ಮಾತ್ರ ಹತ್ತಬಹುದು. ಆ ನಾಲ್ಕು ಹೆಜ್ಜೆಯೇ ಫಿನ್ಸಿನ ಒದೆತ. ಒದೆಯೋದು ನೀರಿನ ಒಳಗೆ, ಚಿಕ್ಕದಾಗಿ, ಬೇಗ ಬೇಗ. ಮೇಲೆ ಬಡಿದರೆ ಬರೀ ಸದ್ದು, ನೊರೆ. ಮೊದಲ ಒಂದು ಗಂಟೆ ನಾನು ಮಾಡಿದ್ದು ಬಟ್ಟೆ ಒಗೆಯುವ ಕೆಲಸ.

ಅಲೆ ಎಲ್ಲಿ ಮುರಿಯುತ್ತದೆ ಅನ್ನೋದಕ್ಕೂ ಒಂದು ಅಂದಾಜು ಇದೆ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ತಲೆ ಬಾಗಿ ಮುರಿಯುತ್ತದೆ. ಕೆಳಗಿನ ನೀರಿಗೆ ನೆಲ ತಾಗಿ ವೇಗ ಕಡಿಮೆಯಾಗುತ್ತದೆ, ಮೇಲಿನದು ಮುನ್ನುಗ್ಗುತ್ತದೆ. ಅವತ್ತಿನ ಅಲೆ ಎರಡು ಅಡಿ. ಅಂದರೆ ಎರಡೂವರೆ ಅಡಿ ಚಿಲ್ಲರೆ ನೀರಲ್ಲಿ ಮುರಿಯಬೇಕು. ಹೋಗಿ ನಿಂತು ನೋಡಿದೆ, ಹೆಚ್ಚುಕಡಿಮೆ ತೊಡೆಯವರೆಗೆ ಬಂತು. ಇಷ್ಟು ಖುಷಿ ನನಗೆ ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನವೂ ಆಗಿಲ್ಲ.

ಮೊದಲ ಸವಾರಿ ಮುರಿದ ಅಲೆಯ ಬಿಳಿ ನೊರೆಯಲ್ಲಿ. ಮೇಷ್ಟ್ರು ಹಿಂದಿನಿಂದ "ಒದಿ, ಒದಿ, ಒದಿ" ಅಂತ ಕೂಗಿದ. ಬಾಲ ಎದ್ದಿತು. ಅಷ್ಟೇ, ಯಾರೋ ಸೊಂಟ ಹಿಡಿದು ದಬ್ಬಿದ ಹಾಗೆ ದಡದವರೆಗೆ ಹೋದೆ. ಬಾಯಿ ತೆರೆದು ನಗುತ್ತಿದ್ದೆ ಅಂತ ಹುಡುಗ ಆಮೇಲೆ ಹೇಳಿದ. ಎರಡನೇ ಸಲ ಭಾರ ಜಾಸ್ತಿ ಮುಂದೆ ಹಾಕಿದೆ. ಮೂಗು ನೀರಿಗೆ ಹೂತಿತು, ಬೋರ್ಡು ನಿಂತಿತು, ನಾನು ನಿಲ್ಲಲಿಲ್ಲ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ನನಗೆ ಮೀಸೆ ಇಲ್ಲ, ಮೂಗಿನೊಳಗೇ ಮರಳು ತುಂಬಿತು.

ಸಂಜೆ ಚಹಾ ಕುಡಿಯುತ್ತಾ ಮೇಷ್ಟ್ರು ಬಾಡಿಬೋರ್ಡು ಕಂಡುಹಿಡಿದ ಟಾಮ್ ಮೋರಿಯ ಕಥೆ ಹೇಳಿದ. ಹವಾಯಿಯಲ್ಲಿ ಪಾಯ್‌ಪೋ ಅಂತ ಮರದ ಗಿಡ್ಡ ಹಲಗೆಗಳ ಮೇಲೆ ಮಲಗಿ ಅಲೆ ಸವಾರಿ ಮಾಡುವುದು ಬಹಳ ಹಳೆಯದು. ನಮ್ಮ ಈಗಿನ ಬೋರ್ಡು ಹುಟ್ಟಿದ್ದು ಮಾತ್ರ 1971ರ ಜುಲೈ 7ರಂದು, ಹವಾಯಿಯ ದೊಡ್ಡ ದ್ವೀಪದಲ್ಲಿ. ಮೋರಿ ಹತ್ತಿರ ಒಂದು ಫೋಮಿನ ತುಂಡು ಇತ್ತು. ಅದನ್ನು ಕತ್ತರಿಸಿ, ಮೇಲೆ ವೃತ್ತಪತ್ರಿಕೆ ಹಾಸಿ, ಇಸ್ತ್ರಿಪೆಟ್ಟಿಗೆಯಲ್ಲಿ ಬಿಸಿ ಮಾಡಿ ಆಕಾರ ಕೊಟ್ಟ. ಸೀದಾ ಸಮುದ್ರಕ್ಕೆ ಇಳಿದ. ಅವನು ಡ್ರಮ್ ಬಾರಿಸುತ್ತಿದ್ದವನು, ಸಂಗೀತದ ಹುಚ್ಚಿಗೆ ಅದಕ್ಕೆ ಬೂಗಿ ಅಂತ ಹೆಸರಿಟ್ಟ. 2021ರಲ್ಲಿ ತೀರಿಕೊಂಡ. ನನಗೆ ಇಸ್ತ್ರಿಪೆಟ್ಟಿಗೆಗಿಂತ ಹಿಡಿಸಿದ್ದು ಇನ್ನೊಂದು ಮಾತು. ಮೋರಿ ಕಾಲೇಜಿನಲ್ಲಿ ಓದಿದ್ದು ಗಣಿತ.

"ನೋಡಿದ್ಯಾ?" ಅಂದೆ ಹುಡುಗನಿಗೆ. ಅವನು ಕೇಳಿಸದವನ ಹಾಗೆ ಪಾವ್ ಭಾಜಿ ತಿನ್ನುತ್ತಿದ್ದ.

ಮೂರನೇ ದಿನ, ಸೋಮವಾರ

ಮೈಯೆಲ್ಲಾ ನೋವು. ಅದೂ ಎಲ್ಲೆಲ್ಲೋ. ಕತ್ತಿನ ಹಿಂದೆ, ಪಕ್ಕೆಲುಬಿನ ಕೆಳಗೆ, ಪಾದದ ಮೇಲೆ. ಫಿನ್ಸಿನ ಅಂಚು ಉಜ್ಜಿ ಎರಡೂ ಹಿಮ್ಮಡಿ ಸುಲಿದಿದ್ದವು. ಇವತ್ತು ಸಾಕ್ಸ್ ಹಾಕಿಯೇ ಇಳಿದೆ.

ಸಮುದ್ರದ ಭರತ, ಅಂದರೆ ಉಬ್ಬರ, ದಿನಾಲೂ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ನಿನ್ನೆ ಇದೇ ಹೊತ್ತಿಗೆ ಇದ್ದ ನೀರು ಇವತ್ತು ಇರಲಿಲ್ಲ. ಇಳಿತದಲ್ಲಿ ಅಲೆ ದೂರದ ಮರಳುದಿಬ್ಬದ ಮೇಲೆ ಮುರಿಯುತ್ತಿತ್ತು. ಅಲ್ಲಿಗೆ ಹೋಗೋದೇ ಇವತ್ತಿನ ಪಾಠ.

ದಡದ ಮೇಲೆ ನಿಲ್ಲಿಸಿ ಮೇಷ್ಟ್ರು ಕೇಳಿದ, "ಟೀಚರ್, ಎಲ್ಲಿ ಇಳಿದ್ರೆ ಸುಲಭ?" ಎರಡು ಕಡೆ ಬಿಳಿ ನೊರೆ, ನಡುವೆ ಒಂದು ಓಣಿಯಷ್ಟು ಅಗಲ ನೀರು ಶಾಂತವಾಗಿತ್ತು, ಸ್ವಲ್ಪ ಕಪ್ಪಗೆ. ನಾನು ಅದನ್ನೇ ತೋರಿಸಿದೆ. ಅವನು ತಲೆ ಅಲ್ಲಾಡಿಸಿದ. ಎಲ್ಲರೂ ಅದನ್ನೇ ತೋರಿಸುತ್ತಾರಂತೆ. ಅದು ರಿಪ್. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ಸು ಹೋಗಲು ಮಾಡಿಕೊಂಡ ದಾರಿ. ಅಲ್ಲಿ ಆಳ ಜಾಸ್ತಿ, ಹಾಗಾಗಿ ಅಲೆ ಮುರಿಯುವುದಿಲ್ಲ, ಹಾಗಾಗಿಯೇ ಶಾಂತ ಅನಿಸುತ್ತದೆ. ಗೊತ್ತಿಲ್ಲದವರು ಮಕ್ಕಳನ್ನು ಆಡಲು ಬಿಡೋದೂ ಅಲ್ಲೇ. ಸಿಕ್ಕಿಬಿದ್ದರೆ ದಡದ ಕಡೆ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ನೊರೆ ಇರುವ ಕಡೆ ಹೊರಬರಬೇಕು. ಸಮಾನಾಂತರ ರೇಖೆಗಳನ್ನು ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಎಳೆದಿದ್ದೇನೆ. ಅದು ಜೀವ ಉಳಿಸುವ ವಿಷಯ ಅಂತ ಯಾವ ಪಠ್ಯಪುಸ್ತಕವೂ ಹೇಳಿರಲಿಲ್ಲ.

ಆಮೇಲೆ ಅವನು ಹೇಳಿದ್ದು ಕೇಳಿ ಎದೆ ಧಸಕ್ಕೆಂದಿತು. ಇವತ್ತು ನಾವು ಹೋಗೋದು ಅದರಲ್ಲೇ! ಗೊತ್ತಿದ್ದವರಿಗೆ ರಿಪ್ ಅಂದರೆ ಲಿಫ್ಟು. ಫಿನ್ಸ್ ಇದೆ, ಬೋರ್ಡು ತೋಳಿಗೆ ಲೀಶ್ ಅನ್ನೋ ಹಗ್ಗದಿಂದ ಕಟ್ಟಿದೆ, ಪಕ್ಕದಲ್ಲಿ ಅವನಿದ್ದಾನೆ, ಅಲೆ ಸಣ್ಣದು. ಇವು ನಾಲ್ಕೂ ಇಲ್ಲದೆ ಯಾರೂ ಇದನ್ನು ಮಾಡಬೇಡಿ ಅಂತ ನಾನು ಟೀಚರ್ ಧ್ವನಿಯಲ್ಲೇ ಹೇಳುತ್ತೇನೆ. ಒದೆಯದೆಯೇ ನಾವು ಹೊರಗೆ ಹೋಗುತ್ತಿದ್ದೆವು. ದಡದಲ್ಲಿದ್ದ ನೀಲಿ ಕೊಡೆ ನೋಡನೋಡುತ್ತಲೇ ಚಿಕ್ಕದಾಯಿತು.

ಎದುರಿನಿಂದ ಮುರಿದ ಅಲೆ ಬಂದರೆ ಡಕ್ ಡೈವ್. ಅಲೆ ಒಂದೆರಡು ಮೀಟರ್ ದೂರ ಇರುವಾಗ ಎರಡೂ ಕೈಯಿಂದ ಮೂಗನ್ನು ಕೆಳಗೆ ಒತ್ತಬೇಕು, ಮೊಣಕಾಲಿನಿಂದ ಬಾಲ ಒತ್ತಬೇಕು, ಅಲೆಯ ಹೊಟ್ಟೆ ಕೆಳಗೆ ನುಗ್ಗಿ ಆಚೆ ಏಳಬೇಕು. ಹುಡುಗ ನಾಲ್ಕನೇ ಸಲಕ್ಕೆ ಕಲಿತ. ನಾನು ಒತ್ತುತ್ತಿದ್ದ ಹಾಗೇ ಬೋರ್ಡು ಬಾವಿಯ ಸೋರೆಬುರುಡೆಯ ಹಾಗೆ ಪುಟಿದೇಳುತ್ತಿತ್ತು. ಅಲೆ ನನ್ನನ್ನು ಮೂರು ಸಲ ವಾಪಸ್ಸು ಕಳಿಸಿತು.

ಹೊರಗೆ ತಲುಪಿದ ಮೇಲೆ ಬರೀ ಕಾಯೋದು. ಅಲೆಗಳು ಒಂದೊಂದಾಗಿ ಬರುವುದಿಲ್ಲ, ಗುಂಪಾಗಿ ಬರುತ್ತವೆ, ಅದಕ್ಕೆ ಸೆಟ್ ಅನ್ನುತ್ತಾರೆ. ನಾಲ್ಕೈದು ದೊಡ್ಡವು, ಆಮೇಲೆ ಮೌನ. ಆ ಮೌನದಲ್ಲಿ ಕಾಲು ಇಳಿಬಿಟ್ಟು ತೇಲುತ್ತಾ ದಡ ನೋಡುವುದು ಇಡೀ ಪ್ರವಾಸದಲ್ಲಿ ನನಗೆ ಅತಿ ಇಷ್ಟವಾದ ಹೊತ್ತು. ತೆಂಗಿನ ಸಾಲು, ಬಿದಿರ ಅಸ್ಥಿಪಂಜರದಂಥ ಶ್ಯಾಕ್‌ಗಳು, ನಾಯಿಗಳು. ನಿಂತು ಸವಾರಿ ಮಾಡುವವರ ಕಣ್ಣು ಎತ್ತರದಲ್ಲಿರುತ್ತದೆ. ಮಲಗಿದವರ ಗಲ್ಲ ನೀರಿಗೆ ಅಂಗೈಯಷ್ಟು ದೂರ. ಎರಡು ಅಡಿಯ ಅಲೆಯೂ ಇಲ್ಲಿಂದ ಗೋಡೆ.

ಆಮೇಲೆ ತೋಳಿಗೆ ಏನೋ ಚುರುಕ್ಕೆಂದಿತು. ಜೆಲ್ಲಿಮೀನು. ಮಳೆಗಾಲದ ನಂತರ ಇಲ್ಲಿ ಇದ್ದದ್ದೇ. ಜೀವರಕ್ಷಕ ವಿನೆಗರ್ ಸುರಿದು "ಉಜ್ಜಬ್ಯಾಡ್ರಿ" ಅಂದ. ನಾನು ಮುಖ ನೋಡಿದೆ. ಅವನು ನಕ್ಕ. ಅಂಕೋಲಾದವನಂತೆ, ನನ್ನ ಧಾರವಾಡದ ಮಾತು ಕೇಳಿ ತಮಾಷೆಗೆ ಹಾಗೆ ಅಂದಿದ್ದು.

ನಾಲ್ಕನೇ ದಿನ, ಮಂಗಳವಾರ

ಕಡಲು ತಟ್ಟೆ. ಅಲೆಯೇ ಇಲ್ಲ.

ಮಾಂದ್ರೆ ದಾಟಿ ದಡದಲ್ಲೇ ನಡೆಯುತ್ತಾ ಅರಂಬೋಲಿಗೆ ಹೋದೆವು. ಬೆಟ್ಟದ ಬದಿಯ ಸಿಹಿನೀರಿನ ಕೊಳದಲ್ಲಿ ಕಾಲು ಬಿಟ್ಟು ಕೂತೆವು. ದಾರಿಯಲ್ಲಿ ಲಂಬಾಣಿ ಹೆಂಗಸೊಬ್ಬಳು ಮಣಿಸರ, ಸರೋಂಗ್ ಹೊತ್ತು ಮಾರುತ್ತಿದ್ದಳು. ಗದಗಿನ ಕಡೆಯ ತಾಂಡಾದವಳು. ಮಳೆಗಾಲಕ್ಕೆ ಊರು, ಸೀಸನ್ನಿಗೆ ಗೋವಾ. ನಾನು ಏನು ಕಲಿಯುತ್ತಿದ್ದೇನೆ ಅಂತ ಹೇಳಿದೆ. ಅವಳಿಗೆ ಬಾಡಿಬೋರ್ಡು ಚೆನ್ನಾಗಿ ಗೊತ್ತಿತ್ತು, ದಿನಾ ನೋಡುತ್ತಾಳಲ್ಲ. "ಅದರಾಗ ತಿರಗತಾರ ನೋಡವಾ, ಬುಗುರಿ ಹಂಗ. ಅದನ್ನ ಕಲಿ. ನಿಂದ್ರೂದು ಏನ್ ಮಹಾ, ಎಲ್ಲಾರೂ ನಿಂದರತಾರ," ಅಂದಳು. ಒಂದು ಸರ ಕೊಂಡೆ. ಚೌಕಾಸಿ ಮಾಡಲಿಲ್ಲ.

ಐದನೇ ದಿನ, ಬುಧವಾರ

ಬೆಳಗ್ಗೆ ಸದ್ದಿಗೇ ಎಚ್ಚರವಾಯಿತು. ದೂರದಲ್ಲಿ ಗುಡುಗಿದ ಹಾಗೆ, ಮತ್ತೆ ಮೌನ, ಮತ್ತೆ ಗುಡುಗು. ಮೇಷ್ಟ್ರು ಮೊಬೈಲು ತೋರಿಸಿದ, ಅಲೆಗೂ ಅಲೆಗೂ ನಡುವೆ 14 ಸೆಕೆಂಡು. ಹತ್ತಿರದ ಗಾಳಿ ಎಬ್ಬಿಸಿದ ಅಲೆ ಆರೇಳು ಸೆಕೆಂಡಿಗೆ ಒಂದರಂತೆ ಬರುತ್ತದೆ, ಚಿಲ್ಲರೆ ಕಾಸಿನ ಹಾಗೆ. 14 ಸೆಕೆಂಡಿನದು ದೂರದ ದಕ್ಷಿಣ ಸಾಗರದ ಬಿರುಗಾಳಿಯಿಂದ ಹೊರಟು ದಿನಗಟ್ಟಲೆ ಬಂದದ್ದು. ನೋಟು.

ಸೊಂಟದೆತ್ತರ. ಒಂದೊಂದು ಎದೆಮಟ್ಟಕ್ಕೂ ಏಳುತ್ತಿತ್ತು. ಮುರಿಯುವ ಮೊದಲೇ ಅಲೆಯ ಹಸಿರು ಮುಖ ಹಿಡಿಯಬೇಕು, ನೇರ ದಡಕ್ಕಲ್ಲ, ಅಡ್ಡಕ್ಕೆ ಹೋಗಬೇಕು. ಬಲಕ್ಕೆ ಹೋಗುವಾಗ ಬಲಗೈ ಮೂಗಿನ ಬಲ ಮೂಲೆಯಲ್ಲಿ, ಎಡಗೈ ಎಡ ರೇಲಿನ ಮೇಲೆ ಮೊಣಕೈ ಮಡಚಿ. ಭಾರ ಅಲೆಯ ಕಡೆಯ ಸೊಂಟಕ್ಕೆ. ಮುಂದೆ ಜರುಗಿದರೆ ವೇಗ, ಹಿಂದೆ ಜರುಗಿ ಮೂಗು ಎತ್ತಿದರೆ ಬ್ರೇಕು. ಇದಕ್ಕೆ ಟ್ರಿಮ್ ಅನ್ನುತ್ತಾರೆ. ಆರನೆಯದೋ ಏಳನೆಯದೋ ಅಲೆಯಲ್ಲಿ ಕೂಡಿಬಂತು. ಕೆಳಗೆ ಸ್ಲಿಕ್ಕಿನ ಸರ್ರ್ ಸದ್ದು, ಬಲಗಡೆ ಗಾಜಿನಂಥ ನೀರು, ನಾನು ಇಳಿಯುತ್ತಲೇ ಇದ್ದೇನೆ, ಆದರೂ ಕೆಳಗೆ ತಲುಪುತ್ತಿಲ್ಲ. ಘಾಟಿನ ಇಳಿಜಾರು ಒಂದು ಕಡೆ ಮುಗಿಯುತ್ತದೆ. ಇದು ನಾನು ಇಳಿದಷ್ಟೂ ಹಿಂದಿನಿಂದ ಏಳುತ್ತಿತ್ತು.

ಮಧ್ಯಾಹ್ನದ ಮೊದಲು ಮೇಷ್ಟ್ರು ತನ್ನ ಆಟ ತೋರಿಸಿದ. ಅದು ಎಲ್ ರೋಲೋ. ಅಲೆಯ ಬುಡಕ್ಕೆ ಇಳಿದು, ಅಲ್ಲಿಂದ ತಿರುಗಿ, ಮುರಿಯುತ್ತಿರುವ ಮೇಲಂಚಿಗೆ, ಅಂದರೆ ಅಲೆಯ ತುಟಿಗೇ, ಗುರಿಯಿಟ್ಟ. ತುಟಿ ಅವನನ್ನು ಎತ್ತಿ ತನ್ನ ಜೊತೆಗೇ ಸುತ್ತಿತು. ಒಂದು ಕ್ಷಣ ಬೋರ್ಡು ಮೇಲೆ, ಅವನು ಕೆಳಗೆ. ಆಮೇಲೆ ಚಪ್ಪಟೆಯಾಗಿ ಹೊಟ್ಟೆ ಮೇಲೆ ಬಿದ್ದು ಮುಂದೆ ಹೋದ. ಮೊಣಕೈ ಬಾಗಿಸಿ ಹೊಡೆತ ತಡೆದುಕೊಳ್ಳುವುದೇ ಗುಟ್ಟಂತೆ. ಒಂಬತ್ತು ಸಲ ವಿಶ್ವ ಚಾಂಪಿಯನ್ ಆದ ಮೈಕ್ ಸ್ಟೀವರ್ಟ್ ಇದನ್ನೆಲ್ಲ ಗಾಳಿಯಲ್ಲಿ, ಹವಾಯಿಯ ಪೈಪ್‌ಲೈನ್ ಅನ್ನುವ ಜಾಗದ ಮನೆಯೆತ್ತರದ ಅಲೆಗಳಲ್ಲಿ ಮಾಡಿದವನು. ನಮ್ಮ ಹುಡುಗ ಎಲ್ ರೋಲೋಗೆ ಹೋಗಿ ಬರೀ ಎಲ್ ಮಾತ್ರ ಮಾಡಿದ, ರೋಲೋ ಅಲೆಯೇ ಮಾಡಿತು. ಡ್ರಾಪ್ ನೀ ಅಂತ ಇನ್ನೊಂದಿದೆ, ಒಂದು ಮೊಣಕಾಲು ಡೆಕ್ ಮೇಲೆ ಊರಿ ಇನ್ನೊಂದು ಪಾದ ಮುಂದೆ ಇಟ್ಟು ಹೋಗುವುದು. ಅದನ್ನು ನೋಡಿಯೇ ನನ್ನ ಮಂಡಿ ಬೇಡ ಅಂದಿತು.

ನನಗೆ ಬೇಕಿದ್ದದ್ದು ಸ್ಪಿನ್. ಅಲೆಯ ಮುಖದ ಮೇಲೆ ಜಾರುತ್ತಲೇ ಒಂದು ಪೂರ್ತಿ ಸುತ್ತು, 360 ಡಿಗ್ರಿ. ಲಂಬಾಣಿ ಅಕ್ಕನ ಬುಗುರಿ.

ಮೇಷ್ಟ್ರು ಹೇಳಿಕೊಟ್ಟದ್ದು ಹೀಗೆ. ಮೊದಲು ವೇಗ ಬರಬೇಕು. ತಿರುಗಬೇಕಾದ ಕಡೆ ಮೊದಲು ತಲೆ ತಿರುಗಲಿ, ಕಣ್ಣು ಹೋದಲ್ಲಿ ಮೈ ಬರುತ್ತದೆ. ಅದೇ ಕ್ಷಣಕ್ಕೆ ಬೋರ್ಡಿನ ಮೇಲೆ ಸ್ವಲ್ಪ ಮುಂದೆ ಜರುಗಿ ಭಾರ ನಡುವಿಗೆ ತರಬೇಕು. ಮುಖ್ಯವಾದದ್ದು ಕಾಲು. ಮೊಣಕಾಲು ಮಡಚಿ ಫಿನ್ಸನ್ನು ನೀರಿನಿಂದ ಮೇಲೆತ್ತಿ ಒಂದರ ಮೇಲೊಂದು ಹೆಣೆಯಬೇಕು. ಒಂದು ಫಿನ್ನಿನ ತುದಿ ನೀರಿಗೆ ತಾಗಿದರೂ ಅದು ಲಂಗರು, ಸುತ್ತು ಅಲ್ಲೇ ನಿಂತಿತು. ಬುಗುರಿಯೂ ಅಷ್ಟೇ ಅಲ್ವಾ, ಭಾರವೆಲ್ಲ ನಡುವಿಗೆ ಇದ್ದಷ್ಟೂ ಚೆನ್ನಾಗಿ ತಿರುಗುತ್ತದೆ. ಕೈಕಾಲು ಚೆಲ್ಲಿದವರು ನಿಧಾನ.

ಮೊದಲ ಪ್ರಯತ್ನ, 40 ಡಿಗ್ರಿ. ಕಾಲು ಎತ್ತಲು ಮರೆತೆ.

ಎರಡನೆಯದು, 90. ಅಲೆಗೆ ಅಡ್ಡಲಾಗಿ ನಿಂತುಬಿಟ್ಟೆ, ಅದು ಸೌದೆ ಉರುಳಿಸಿದ ಹಾಗೆ ಉರುಳಿಸಿತು.

ಆಮೇಲಿನವು ಲೆಕ್ಕವಿಲ್ಲ. ಒಂದು ಹಂತದಲ್ಲಿ 180 ಆಯಿತು, ಸರಿಯಾಗಿ ಅರ್ಧ. ಮುಖ ಸಮುದ್ರದ ಕಡೆ, ಕಾಲು ದಡದ ಕಡೆ. ನನ್ನನ್ನು ತಳ್ಳುತ್ತಿದ್ದ ಅಲೆಯನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ ಹಿಮ್ಮುಖವಾಗಿ ದಡಕ್ಕೆ ಬಂದೆ. ಐದು ದಿನದಲ್ಲಿ ಸವಾರಿ ಮಾಡುತ್ತಾ ಮೊದಲ ಸಲ ಅಲೆಯ ಮುಖ ನೋಡಿದ್ದು ಅವತ್ತೇ. ಬೆನ್ನ ಹಿಂದೆ ಇಷ್ಟು ದೊಡ್ಡದು ಬರುತ್ತಿರುತ್ತದೆ ಅಂತ ಮೊದಲೇ ಗೊತ್ತಿದ್ದರೆ ನಾನು ಧಾರವಾಡದಲ್ಲೇ ಇರುತ್ತಿದ್ದೆ.

ಬಿಸಿಲು ಏರಿತು, ಗಾಳಿ ತಿರುಗಿತು, ಅಲೆಯ ಮೇಲೆ ಸುಕ್ಕು ಬಿತ್ತು. ಕೊನೆಯ ಒಂದು ಅಂದ ಮೇಷ್ಟ್ರು. ಸೆಟ್ಟಿನ ಮೂರನೆಯ ಅಲೆ ಬಿಟ್ಟುಕೊಟ್ಟು ನಾಲ್ಕನೆಯದು ಹಿಡಿದೆ. ಒದ್ದೆ, ಬಾಲ ಎದ್ದಿತು, ಬಲಕ್ಕೆ ತಿರುಗಿದೆ. ತಲೆ ತಿರುಗಿಸಿದೆ. ಕಾಲು ಎತ್ತಿದೆ. ದಡ ಹೋಯಿತು, ಬೆಟ್ಟ ಹೋಯಿತು, ಬರೀ ನೀರು ಬಂತು, ನೀರೂ ಹೋಯಿತು, ಮೋರ್ಜಿಂ ಕಡೆಯ ತೆಂಗಿನ ಮರಗಳು ಕಂಡವು. ಅಲ್ಲಿಗೆ ಎಡ ಫಿನ್ನು ನೀರಿಗೆ ತಾಗಿತು.

ಕಾಲಲ್ಲಿ ಒಂದೇ ಫಿನ್ನು ಉಳಿದಿತ್ತು. ಇನ್ನೊಂದು ಸಮುದ್ರಕ್ಕೆ. ಅದರ ದುಡ್ಡು ಕೊಡಬೇಕಾಯಿತು, ಅದಕ್ಕೆ ಬೇಜಾರಿಲ್ಲ.

"270," ಅಂತ ದಡದಿಂದ ಹುಡುಗ ಕೂಗಿದ. ಅಂದರೆ ಗಣಿತ ಅವನ ಕಿವಿಗೂ ಬೀಳುತ್ತದೆ.

ಅವನೇ ಸಂಜೆ ಮತ್ತೆ ಇಳಿದು ಎರಡನೇ ಅಲೆಗೆ ಪೂರ್ತಿ 360 ತಿರುಗಿ ಬಂದ ಅನ್ನೋದನ್ನೂ ಇಲ್ಲೇ ಬರೆದುಬಿಡುತ್ತೇನೆ. 14 ವರ್ಷದವರ ಬಗ್ಗೆ ಜಾಸ್ತಿ ಹೇಳಲು ಏನೂ ಇಲ್ಲ.

ಆರನೇ ದಿನ, ಗುರುವಾರ

ವಾಪಸ್ಸು. ಅದೇ ಮೂರು ಬಸ್ಸು. ಊರೂರಿನ ಕೂಡುರಸ್ತೆಯಲ್ಲಿ ಹುಡುಗರು ನರಕಾಸುರ ಕಟ್ಟುತ್ತಿದ್ದರು. ಬಿದಿರಿನ ಚೌಕಟ್ಟು, ಒಳಗೆ ಹುಲ್ಲು, ಮೇಲೆ ಕಾಗದ. ಚತುರ್ದಶಿಯ ಬೆಳಗಿನ ಜಾವ ಸುಡುತ್ತಾರೆ. ಮಾಪ್ಸಾದ ಹತ್ತಿರ ಒಂದು ನರಕಾಸುರ ಇನ್ನೂ ತಲೆಯಿಲ್ಲದೆ ನೆಲದ ಮೇಲೆ ಬೋರಲಾಗಿ ಮಲಗಿದ್ದ. ಮೊಣಕೈ ಸರಿಯಾದ ಜಾಗದಲ್ಲೇ ಇತ್ತು.

ರಾತ್ರಿ ಜುವಾರಿನಗರದಲ್ಲಿ ತಂಗಿ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಪಕ್ಕದ ಮನೆಯವರೂ ಬಂದರು. ತಂಗಿ ತಟ್ಟೆಗೆ ರೊಟ್ಟಿ ಹಾಕುತ್ತಾ ಕೇಳಿದಳು, "ಅಂತೂ ನಿಂತ್ಯಾ ಅಕ್ಕಾ?"

"ದೊಡ್ಡವ್ವ ನಿಲ್ಲಲಿಲ್ಲ, ತಿರುಗಿದ್ಲು," ಅಂದ ಹುಡುಗ.

"ಎಷ್ಟು ತಿರುಗಿದ್ಲು?"

"ಮುಕ್ಕಾಲು."

ತಂಗಿ ಸೌಟು ಹಿಡಿದು ಸ್ವಲ್ಪ ಹೊತ್ತು ಯೋಚನೆ ಮಾಡಿದಳು. "ಮುಕ್ಕಾಲು ತಿರುಗಿದ್ರ ಮುಖ ಯಾ ಕಡಿ ಇರತದ?"

ರೊಟ್ಟಿಯ ತುಂಡನ್ನು ಬೋರ್ಡು ಮಾಡಿ, ಎಣ್ಣೆಗಾಯಿಯ ರಸವನ್ನು ಸಮುದ್ರ ಮಾಡಿ, ತಟ್ಟೆಯ ಅಂಚನ್ನು ಅಶ್ವೆಂ ದಡ ಮಾಡಿ ತೋರಿಸಿದೆ. ಪಕ್ಕದ ಮನೆಯವರು ಬಗ್ಗಿ ನೋಡಿದರು. ಅಷ್ಟರಲ್ಲಿ ರೊಟ್ಟಿ ರಸದಲ್ಲಿ ನೆನೆದು ಬಾಗಿತು.

"ಇದು ಪಾಲಿಎಥಿಲೀನು," ಅಂದ ಹುಡುಗ, ಅದನ್ನು ಎತ್ತಿ ಬಾಯಿಗೆ ಹಾಕಿಕೊಂಡ.